ಹಾಲಮ್ಮ ಶಾಮಿಯಾನ ಡಾಟ್ ಕಾಮ್

ನಮ್ಮ ಭಾವ ಒಂದು ಕಾಲದಲ್ಲಿ ದೊಡ್ಡ ಆಸ್ತಿವಂತರಾಗಿದ್ದರು ಅಂದರೆ ಭದ್ರಾವತಿಯ ಜನ್ನಾಪುರದಲ್ಲಿ ಯಾರೂ ನಂಬುವುದಿಲ್ಲ. ಆದರೂ ಹೇಳುತ್ತೇನೆ. ಅವರ ಕೈಯಲ್ಲಿ ಒಂದು ಕಲ್ಯಾಣ ಮಂಟಪ ಇತ್ತು, ಒಂದು ಹಲ್ಲಿನ ಆಸ್ಪತ್ರೆ ಇತ್ತು, ಒಂದು ಕರಾಟೆ ಶಾಲೆ, ಒಂದು ಟ್ರಾವೆಲ್ಸ್ ಕೂಡ ಇತ್ತು. ಮಂಟಪಕ್ಕೆ ಕಂಬ ಇರಲಿಲ್ಲ, ಆಸ್ಪತ್ರೆಗೆ ಕುರ್ಚಿ ಇರಲಿಲ್ಲ, ಟ್ರಾವೆಲ್ಸಿಗೆ ಚಕ್ರ ಇರಲಿಲ್ಲ ಅಷ್ಟೆ. ಇದ್ದದ್ದು ಬರೀ ಹೆಸರು. ಅದೂ ಬೇರೆಯವರು ಬಿಟ್ಟುಹೋದ ಹೆಸರು.

ಭಾವ ಅಂದರೆ ನನ್ನ ಅಕ್ಕನ ಗಂಡ. ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದವರು ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತರು. ಕೂತರು ಅನ್ನುವುದು ಮಾತಿಗೆ. ಕೆಲವೇ ದಿನದಲ್ಲಿ ಅಕ್ಕನ ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿ ನಂಬರ್ ಹಾಕಿದರು. ಅಕ್ಕ ಸಾಸಿವೆ ಹುಡುಕಿ ಹುಡುಕಿ ಸಾಕಾಗಿ, "ನೀವು ಎಲ್ಲಾದ್ರೂ ಹೊರಗೆ ಹೋಗಿ ಬನ್ನಿ ರೀ" ಅಂದಳು. ಹೋದವರು ಸೀದಾ ನ್ಯೂ ಟೌನಿನ ಬ್ರೌಸಿಂಗ್ ಸೆಂಟರಿನಲ್ಲಿ ಹೋಗಿ ಕೂತರು. ಅಲ್ಲಿಂದ ಶುರುವಾಯಿತು ನೋಡಿ.

ಆಗ ಎಲ್ಲರಿಗೂ ವೆಬ್‌ಸೈಟಿನ ಹುಚ್ಚು. ಬೀಡಾ ಅಂಗಡಿಯವನೂ ಬೋರ್ಡಿನ ಕೆಳಗೆ ಡಾಟ್ ಕಾಮ್ ಅಂತ ಬರೆಸುತ್ತಿದ್ದ ಕಾಲ. ಮಾಡಿಸುವಾಗ ಇದ್ದ ಉತ್ಸಾಹ ವರ್ಷ ತುಂಬಿದ ಮೇಲೆ ಯಾರಿಗಿರುತ್ತದೆ? ಆ ಹೆಸರಿಗೆ ವರ್ಷ ವರ್ಷ ಬಾಡಿಗೆ ಕಟ್ಟಬೇಕು ಅನ್ನುವುದೇ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಒಂದು ದಿನ ಭಾವ ಯಾವುದೋ ಪ್ರವಾಸಕ್ಕೆ ಬಸ್ಸು ವಿಚಾರಿಸೋಣ ಅಂತ ಶಿವಮೊಗ್ಗದ ಒಂದು ಟ್ರಾವೆಲ್ಸಿನ ಹೆಸರು ಟೈಪು ಮಾಡಿದರೆ, ಈ ಹೆಸರಿನ ಅವಧಿ ಮುಗಿದಿದೆ ಅಂತ ಬಂತು.

"ಹೆಸರಿಗೂ ಅವಧಿ ಮುಗಿಯುತ್ತೇನಯ್ಯಾ?" ಅಂತ ಸೆಂಟರಿನ ನಾಗರಾಜನನ್ನು ಕೇಳಿದರು.

"ಮುಗಿಯುತ್ತೆ ಸಾರ್. ಸ್ವಲ್ಪ ದಿನ ಕಾಯ್ತಾರೆ. ಹಳಬ್ರು ಕಟ್ಟಲಿಲ್ಲ ಅಂದ್ರೆ ಯಾರು ಬೇಕಾದ್ರೂ ತಗೋಬಹುದು."

"ಯಾರು ಬೇಕಾದ್ರೂ ಅಂದ್ರೆ? ನಾನೂ?"

"ನೀವೂ ಸಾರ್. ಆದ್ರೆ ನೀವು ತಗೊಂಡು ಏನ್ ಮಾಡ್ತೀರಿ?"

ಈ ಪ್ರಶ್ನೆಯನ್ನು ಆಮೇಲೆ ಅಕ್ಕ ಕೇಳಿದಳು, ನಾನು ಕೇಳಿದೆ, ಒಬ್ಬ ವಕೀಲರೂ ಕೇಳಿದರು. ಭಾವನ ಉತ್ತರ ಯಾವತ್ತೂ ಒಂದೇ: "ದಾರೀಲಿ ಯಾರದೋ ಚೀಲ ಬಿದ್ದಿದ್ರೆ ಎತ್ತಿಡಲ್ವಾ? ಪುಂಡರ ಕೈಗೆ ಸಿಗೋದಕ್ಕಿಂತ ನನ್ನ ಹತ್ರ ಇರೋದು ವಾಸಿ."

ಹಾಗೆ ಎತ್ತಿಡಲು ಶುರು ಮಾಡಿದರು. ಶಿವಮೊಗ್ಗ, ಭದ್ರಾವತಿಯವರು ಯಾರು ಮರೆತುಬಿಟ್ಟರೂ ಅದು ಭಾವನ ಪಾಲು. ಪ್ರತಿ ಹೆಸರಿನಡಿಯಲ್ಲೂ ನಾಗರಾಜನಿಂದ ಒಂದು ಪುಟ ಮಾಡಿಸಿ, "ಹಳೆಯ ಮಾಲೀಕರು ದಯವಿಟ್ಟು ಸಂಪರ್ಕಿಸಿ" ಅಂತ ಮನೆಯ ಫೋನ್ ನಂಬರ್ ಹಾಕಿಸುತ್ತಿದ್ದರು. ಫೋನ್ ಎತ್ತಬೇಕಾದವಳು ಅಕ್ಕ. ಹಳೆಯ ಮಾಲೀಕರಿಗಿಂತ ಗಿರಾಕಿಗಳ ಫೋನೇ ಜಾಸ್ತಿ. ಒಬ್ಬರು ಮಂಟಪ ಬುಕ್ ಮಾಡಬೇಕಿತ್ತು ಅಂತ ಫೋನ್ ಮಾಡಿ, ಇದು ಮನೆ ಅಂತ ಹೇಳಲು ಅಕ್ಕನಿಗೆ ಅವಕಾಶವನ್ನೇ ಕೊಡದೆ, "ಪಾತ್ರೆ ಎಷ್ಟಿದಾವಮ್ಮಾ?" ಅಂತ ಕೇಳಿದರಂತೆ. ರೋಸಿಹೋಗಿದ್ದ ಅಕ್ಕ, "ಒಂದು ಕುಕ್ಕರ್ ಇದೆ, ಅದಕ್ಕೂ ಸೀಟಿ ಬರಲ್ಲ" ಅಂದಳು. ಆ ಮದುವೆ ಬೇರೆಲ್ಲೋ ಆಗಿರಬೇಕು.

ವಾಪಸು ಕೊಡುವುದಕ್ಕೆ ಭಾವ ಒಂದು ಕಾಸೂ ತೆಗೆದುಕೊಳ್ಳುತ್ತಿರಲಿಲ್ಲ. ಶರತ್ತು ಒಂದೇ. ಮಾಲೀಕರು ಸ್ವತಃ ಜನ್ನಾಪುರದ ಮನೆಗೆ ಬರಬೇಕು, ಕೂತು ಕಾಫಿ ಕುಡಿಯಬೇಕು, ಆ ಹೆಸರು ಯಾಕೆ ಇಟ್ಟರು, ಯಾಕೆ ಬಿಟ್ಟರು ಅಂತ ಹೇಳಬೇಕು. ದುಡ್ಡು ಕೇಳುವ ಕಳ್ಳನನ್ನಾದರೂ ಜನ ಸಹಿಸುತ್ತಾರೆ, ಕಾರಣ ಕೇಳುವವನನ್ನು ಸಹಿಸುತ್ತಾರೆಯೇ? ಶಿವಮೊಗ್ಗದ ಹಲ್ಲಿನ ಡಾಕ್ಟರು ವಕೀಲರನ್ನೇ ಕರೆದುಕೊಂಡು ಬಂದು, ಇದು ಕಳ್ಳತನ ಅಂತ ಜಗಲಿಯಲ್ಲಿ ನಿಂತು ಕೂಗಾಡಿದರು.

"ಕಳ್ಳ ಎಲ್ಲಾದ್ರೂ ಫೋನ್ ನಂಬರ್ ಕೊಡ್ತಾನಾ ಡಾಕ್ಟ್ರೇ? ಒಳಗೆ ಬನ್ನಿ" ಅಂದರು ಭಾವ. ಅಂದವರು ಕೆನ್ನೆ ಹಿಡಿದುಕೊಂಡರು. ಡಾಕ್ಟರ ಕಣ್ಣು ಅಲ್ಲಿಗೇ ಹೋಯಿತು. ಬಾಯಿ ತೆಗೆಯಿರಿ ಅಂದರು. ಕಾಫಿ ಮುಗಿಯುವಷ್ಟರಲ್ಲಿ ಡಾಕ್ಟರು ಹೆಸರಿನ ಕಥೆ ಹೇಳಿದ್ದರು, ಮಾರನೇ ವಾರ ಭಾವ ಅವರ ಕ್ಲಿನಿಕ್ಕಿಗೆ ಹೋಗಿ ಹೆಸರಿನ ಜೊತೆಗೆ ಒಂದು ದವಡೆ ಹಲ್ಲನ್ನೂ ಒಪ್ಪಿಸಿ ಬಂದಿದ್ದರು. ವಕೀಲರು ಮಾತ್ರ, ನನ್ನನ್ನು ಯಾಕೆ ಕರೆತಂದಿರಿ ಅಂತ ದಾರಿಯುದ್ದಕ್ಕೂ ಗೊಣಗಿದರಂತೆ.

ಇಷ್ಟಕ್ಕೇ ನಿಂತಿದ್ದರೆ ಇದು ನಗುವ ಕಥೆಯಾಗಿಯೇ ಉಳಿಯುತ್ತಿತ್ತು. ಹಾಲಮ್ಮ ಶಾಮಿಯಾನ ಡಾಟ್ ಕಾಮ್ ಭಾವನ ಕೈಗೆ ಸಿಗಬಾರದಿತ್ತು.

ಹಾಲಮ್ಮ ಅನ್ನುವವರು ಹಿಂದೆ ನೆರೆಹೊರೆಯ ಮದುವೆಗಳಿಗೆ ಮನೆಯ ಹಂಡೆ, ಕೊಪ್ಪರಿಗೆಗಳನ್ನು ಎರವಲು ಕೊಡುತ್ತಿದ್ದ ಹೆಂಗಸು. ಗಂಡ ತೀರಿಕೊಂಡ ಮೇಲೆ ಅದನ್ನೇ ಬಾಡಿಗೆಗೆ ಕೊಟ್ಟು ಇಬ್ಬರು ಗಂಡುಮಕ್ಕಳನ್ನು ಸಾಕಿದರು. ಮಕ್ಕಳು ದೊಡ್ಡವರಾಗಿ ಪಾತ್ರೆಯ ಜೊತೆಗೆ ಶಾಮಿಯಾನವನ್ನೂ ಸೇರಿಸಿ, ಅಮ್ಮನ ಹೆಸರನ್ನೇ ಇಟ್ಟರು. ಆಕೆ ಹೋದ ಮೇಲೆ ಅಣ್ಣ ತಮ್ಮಂದಿರಿಗೆ ಹೊಂದಲಿಲ್ಲ. ಅಣ್ಣ ರುದ್ರಪ್ಪನವರು ಪಾತ್ರೆಗಳನ್ನು ಇಟ್ಟುಕೊಂಡು ಶಿವಮೊಗ್ಗದ ವಿನೋಬನಗರದಲ್ಲಿ ಉಳಿದರು. ತಮ್ಮ ಚನ್ನೇಶ ಬಟ್ಟೆ, ಗಳ, ಕುರ್ಚಿಗಳನ್ನು ಲಾರಿಗೆ ಹೇರಿಕೊಂಡು ಭದ್ರಾವತಿಗೆ ಬಂದ. ವೆಬ್‌ಸೈಟಿನ ಹೆಸರಿಗೆ ಅವನು ಕಟ್ಟಲಿ ಅಂತ ಇವರು, ಇವರು ಕಟ್ಟಲಿ ಅಂತ ಅವನು. ಅವಧಿ ಮುಗಿಯಿತು. ಭಾವ ಎತ್ತಿಟ್ಟುಕೊಂಡರು.

ಮೊದಲು ಬಂದವರು ರುದ್ರಪ್ಪನವರು. ಬಿಳಿ ಪಂಚೆ, ಮೆಲುದನಿ. ಕಾಫಿ ಕುಡಿದು ಅಮ್ಮನ ಕಥೆ ಹೇಳಿದರು. ಭಾವ ಕೊಟ್ಟೇಬಿಡುವವರಿದ್ದರು. ಅಷ್ಟರಲ್ಲಿ ಅದು ಹೇಗೋ ಸುದ್ದಿ ಮುಟ್ಟಿ ಚನ್ನೇಶ ಬೈಕಿನಲ್ಲಿ ಬಂದಿಳಿದ.

"ಅವನಿಗೆ ಕೊಟ್ಟೀರಿ ಮತ್ತೆ. ಕೊನೆಗಾಲದಲ್ಲಿ ಅಮ್ಮನ್ನ ನೋಡ್ಕೊಂಡಿದ್ದು ನಾನು."

"ನಿಮ್ಮಣ್ಣನೂ ಹಾಗೇ ಅಂದ್ರು, ಮೊದ್ಲಿಂದ ನೋಡ್ಕೊಂಡಿದ್ದು ನಾನು ಅಂತ."

"ನೋಡ್ಕೊಂಡ, ಇಲ್ಲ ಅನ್ನಲ್ಲ" ಅಂದ ಚನ್ನೇಶ. ಬೈಕಿನತ್ತ ಹೊರಟವನು ತಿರುಗಿ, "ಬಿಪಿ ಮಾತ್ರೆ ತಗೋತಿದಾನಂತಾ?" ಅಂತ ಕೇಳಿದ.

ಆ ಒಂದು ಮಾತಿಗೆ ಭಾವನ ತಲೆ ಕೆಟ್ಟಿತು. ಇನ್ನೂ ಪ್ರೀತಿ ಇದೆ, ಕೂಡಿಸಬಹುದು ಅಂದುಕೊಂಡರು. ಇಬ್ಬರಿಗೂ ಹೇಳಿ ಕಳಿಸಿದರು: "ಒಟ್ಟಿಗೆ ಬನ್ನಿ, ಒಂದು ಸಲ ಎದುರುಬದುರು ಕೂತ್ಕೊಳ್ಳಿ. ಆಮೇಲೆ ಯಾರಿಗೆ ಅಂತೀರೋ ಅವರಿಗೆ ಕೊಡ್ತೀನಿ."

ಅವರು ಬರಲಿಲ್ಲ. ಬರಲಿಲ್ಲ ಅಂದರೆ ಒಟ್ಟಿಗೆ ಬರಲಿಲ್ಲ. ಬೇರೆ ಬೇರೆಯಾಗಿ ಬರುತ್ತಲೇ ಇದ್ದರು. ಭಾವ ಪ್ರತಿ ವರ್ಷ ತಪ್ಪದೆ ಆ ಹೆಸರಿಗೆ ಕಟ್ಟುತ್ತಿದ್ದರು. ರುದ್ರಪ್ಪನವರು ಒಮ್ಮೆ ವಕೀಲರ ನೋಟಿಸನ್ನೂ ಕೊಡಿಸಿದರು. ಭಾವ ಅದಕ್ಕೆ, ಕಾಫಿ ಯಾವಾಗ ಬೇಕಾದರೂ ಸಿದ್ಧವಿದೆ ಅಂತ ಉತ್ತರ ಬರೆದರು. ನೋಟಿಸು ಕೊಡಿಸಿದವರು ಮುಂದಿನ ತಿಂಗಳು ತಾವೇ ಬಂದು ಕಾಫಿ ಕುಡಿದು, ಸಕ್ಕರೆ ಜಾಸ್ತಿಯಾಯಿತು ಅಂತ ಹೇಳಿ ಹೋದರು.

"ಯಾರಿಗಾದ್ರೂ ಕೊಟ್ಟು ಕೈ ತೊಳ್ಕೊಳ್ಳಿ ರೀ. ಮಂದಿ ಮನೆ ಜಗಳ ನಮ್ಮ ಜಗಲೀಲಿ ಯಾಕೆ?" ಅಂತ ಅಕ್ಕ ಬೈಯುತ್ತಿದ್ದಳು. ನಾನು ಶಿವಮೊಗ್ಗದ ನವುಲೆಯ ನನ್ನ ಮನೆಯಿಂದ ಭಾನುವಾರ ಹೋದಾಗೆಲ್ಲ ಇದೇ ಪಂಚಾಯ್ತಿ. ನಾನೂ ಹೇಳಿ ನೋಡಿದೆ, "ಭಾವ, ನಿಮಗ್ಯಾಕೆ ಈ ಹಠ?"

"ಇರು ಮಾರಾಯ್ತಿ. ಇವತ್ತಲ್ಲ ನಾಳೆ ಬರ್ತಾರೆ. ಕೊಟ್ಟುಬಿಟ್ರೆ ಅವರು ಮತ್ತೆ ಯಾವ ನೆಪಕ್ಕೆ ಸೇರ್ತಾರೆ ಹೇಳು?"

ಕೊನೆಗೆ ಒಂದು ದಿನ ರುದ್ರಪ್ಪನವರೇ ಫೋನ್ ಮಾಡಿದರು. "ಸೋಮವಾರ ಬರ್ತೀನಿ. ಅವನಿಗೂ ಹೇಳಿಬಿಡಿ." ಭಾವನ ಸಂಭ್ರಮ ನೋಡಬೇಕಿತ್ತು. ಅಕ್ಕ ಬೈದುಕೊಂಡೇ ಕೇಸರಿಬಾತ್ ಮಾಡಿದಳು. ರುದ್ರಪ್ಪನವರು ಹೇಳಿದ ಹೊತ್ತಿಗೆ ಬಂದು ಕೂತರು. ಚನ್ನೇಶ ಬರಲಿಲ್ಲ. ಭಾವ ನ್ಯೂ ಟೌನಿನ ಅವನ ಅಂಗಡಿಗೆ ಸೈಕಲ್ ತುಳಿದುಕೊಂಡು ಹೋದರು. ಚನ್ನೇಶ ಅಂಗಡಿಯಲ್ಲೇ ಇದ್ದ. "ಅವನು ನಮ್ಮನೆಗೆ ಬರಲಿ ಬೇಕಾದ್ರೆ. ನಿಮ್ಮನೆಗೆ ಬರೋಕಾಗುತ್ತೆ, ತಮ್ಮನ ಮನೆಗೆ ಬರೋಕಾಗಲ್ವಾ?" ಅಂದನಂತೆ. ರುದ್ರಪ್ಪನವರು ಸಂಜೆಯವರೆಗೂ ಕಾದರು. ಹೋಗುವಾಗ, "ಪರವಾಗಿಲ್ಲ, ಇನ್ನೊಂದ್ಸಲ ನೋಡೋಣ" ಅಂದರು. ಅಕ್ಕ ಕೇಸರಿಬಾತನ್ನು ಡಬ್ಬಿಗೆ ಹಾಕಿ ಅವರ ಕೈಗೆ ಕೊಟ್ಟಳು.

ಇನ್ನೊಂದು ಸಲ ಬರಲಿಲ್ಲ. ಮಳೆ ಹಿಡಿಯುವ ಮೊದಲೇ ರುದ್ರಪ್ಪನವರು ಹೋಗಿಬಿಟ್ಟರು. ಬೆಳಿಗ್ಗೆ ಸ್ನಾನಕ್ಕೆ ಹೋದವರು ಅಲ್ಲೇ ಕುಸಿದರಂತೆ.

ನಾನು ಭಾವನ ಜೊತೆ ವಿನೋಬನಗರಕ್ಕೆ ಹೋದೆ. ಮನೆಯ ಮುಂದೆ ಬಿಸಿಲು. ಚನ್ನೇಶ ಲಾರಿಯಲ್ಲಿ ಬಟ್ಟೆ, ಗಳ ತಂದಿದ್ದ. ಕೆಲಸದವರು ನಿಂತು ನೋಡುತ್ತಿದ್ದರು, ಅವನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ತಾನೇ ಗೂಟ ಹೊಡೆದ, ತಾನೇ ಹಗ್ಗ ಎಳೆದ. ಒಂದು ಮೂಲೆ ಸರಿಯಾಗಿ ನಿಲ್ಲಲಿಲ್ಲ, ಬಿಚ್ಚಿ ಮತ್ತೆ ಕಟ್ಟಿದ. ಒಳಗಿಂದ ಅಣ್ಣನ ಕಡೆಯ ಹಂಡೆಗಳನ್ನು ತಂದು ಆ ಶಾಮಿಯಾನದಡಿಯಲ್ಲಿ ಇಟ್ಟರು. ಭಾಗವಾದ ಮೇಲೆ ಹಾಲಮ್ಮನ ಬಟ್ಟೆಯೂ ಪಾತ್ರೆಯೂ ಒಂದೇ ಅಂಗಳಕ್ಕೆ ಬಂದದ್ದು ಅವತ್ತೇ ಇರಬೇಕು. ಭಾವ ಆ ನೆರಳಿನೊಳಗೆ ಕಾಲಿಡಲಿಲ್ಲ, ರಸ್ತೆಯ ಆಚೆ ಬಿಸಿಲಲ್ಲೇ ನಿಂತಿದ್ದರು. ಅವರನ್ನು ಜನ್ನಾಪುರಕ್ಕೆ ಬಿಡಲು ಹೋಗುವಾಗ ಬಸ್ಸಿನಲ್ಲಿ ಅವರದು ಒಂದೇ ಮಾತು: "ಮೊದಲನೇ ದಿನವೇ ಕೊಟ್ಟುಬಿಡಬೇಕಿತ್ತು."

ಆಮೇಲೆ ಭಾವ ಯಾವ ಹೆಸರನ್ನೂ ಎತ್ತಿಡಲಿಲ್ಲ. ಇದ್ದವನ್ನು ಒಂದೊಂದಾಗಿ ಆಯಾ ಮಾಲೀಕರಿಗೆ ಕಳಿಸಿಕೊಟ್ಟರು, ಕಾಫಿ ಇಲ್ಲ, ಕಥೆ ಇಲ್ಲ. ಕರಾಟೆ ಶಾಲೆಯವರು, ಅಯ್ಯೋ, ನಮಗೆ ಬೇಡವೇ ಬೇಡ ಅಂದರೂ ಬಿಡಲಿಲ್ಲ.

ಹಾಲಮ್ಮನ ಹೆಸರು ಉಳಿದಿತ್ತು. ಒಂದು ಭಾನುವಾರ ನಾನು ಅಲ್ಲಿದ್ದಾಗ ಚನ್ನೇಶ ಬಂದ. ಗಡ್ಡ ಬಂದಿತ್ತು. ಭಾವ ಅವನು ಕೂರುವ ಮೊದಲೇ, "ನಾನು ತಪ್ಪು ಮಾಡಿದೆ ಕಣಪ್ಪ. ನಿಮ್ಮ ಮನೆ ವಿಷಯ ನನಗ್ಯಾಕೆ ಬೇಕಿತ್ತು? ಇವತ್ತೇ ನಿನ್ನ ಹೆಸರಿಗೆ ಮಾಡಿಸ್ತೀನಿ" ಅಂದರು.

"ನನಗೆ ಬೇಡ ಸಾರ್. ಅಣ್ಣನ ಮಗಳು ಶೋಭಾ ಈಗ ವ್ಯವಹಾರ ನೋಡ್ಕೋತಾಳೆ, ಅವಳ ಹೆಸರಿಗೆ ಮಾಡಿಸಿ" ಅಂದ. ಆಮೇಲೆ ತಲೆ ತಗ್ಗಿಸಿ ಹೇಳಿದ, "ನಾನೇನು ಇಲ್ಲಿಗೆ ಆ ಡಾಟ್ ಕಾಮಿಗೆ ಬರ್ತಿದ್ನಾ? ಅಣ್ಣ ಬಂದಿದ್ನಾ, ಹೆಂಗಿದ್ದ, ಬಡವಾಗಿದಾನಾ ಅಂತ ನಿಮ್ಮನ್ನ ಕೇಳಬಹುದಿತ್ತು. ಬೇರೆ ಯಾರನ್ನ ಕೇಳಲಿ?"

ಇದರಿಂದ ಭಾವನಿಗೆ ಸಮಾಧಾನ ಆಗುತ್ತದೆ ಅಂದುಕೊಂಡೆ. ಆಗಲಿಲ್ಲ. ಅವನು ಹೋದ ಮೇಲೆ, "ಅಣ್ಣನ ಸುದ್ದಿ ನಾನು ಹೇಳ್ತಿದ್ದೆ ಅಂತಲೇ ಅಲ್ವಾ ಅವನು ಅಣ್ಣನ ಮನೆಗೆ ಹೋಗದೇ ಇದ್ದದ್ದು" ಅಂದರು.

ಅಕ್ಕ ಒಳಗಿಂದ ಬಂದಳು. ಇಷ್ಟು ವರ್ಷ ಹೇಳಿದ್ದೆನಲ್ಲ ಅಂತ ಬೈಯುತ್ತಾಳೆ ಅಂತ ನಾನು ಎದ್ದು ನಿಂತೆ. ಅವಳು ಭಾವನ ಪಕ್ಕದಲ್ಲಿ ಕೂತು, ಅವರ ಕೈಯನ್ನು ತನ್ನ ತೊಡೆಯ ಮೇಲೆ ಎಳೆದಿಟ್ಟುಕೊಂಡು, ಸೆರಗಿನಿಂದ ಒರೆಸತೊಡಗಿದಳು. ಆ ಕೈಯಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ.

"ಗೇಟು ಸದ್ದಾದಾಗೆಲ್ಲ ಇಬ್ಬರೂ ಬಂದ್ರೇನೋ ಅಂತ ನಾನೂ ಎದ್ದು ನೋಡ್ತಿದ್ದೆ ರೀ" ಅಂದಳು. "ನೀವೊಬ್ರೇ ಅಲ್ಲ."