ಬ್ಯಾಡಗಿಯಲ್ಲಿ ಕ್ರ್ಯಾಂಕ್‌ಶಾಫ್ಟ್ ಕಡೆಯುವುದೆಂದರೆ

ಲೇಥ್ ಇಟ್ಟುಕೊಂಡವನ ಮನೆಗೆ ಕೆಲಸಕ್ಕಿಂತ ಮೊದಲು ಸಲಹೆ ಬರುತ್ತದೆ. ವರ್ಕ್‌ಶಾಪ್ ಮಾಸ್ತರನಾಗಿ ನಿವೃತ್ತನಾದ ನಾನು ಬ್ಯಾಡಗಿಯ ಮನೆಯ ಹಿತ್ತಲ ಕೋಣೆಯಲ್ಲಿ ಕಬ್ಬಿಣ ಕಡೆಯುವ ಹಳೆಯ ಲೇಥೊಂದನ್ನು ಸಾಕಿಕೊಂಡಿದ್ದೇನೆ. ಒಂದು ದಿನ ಮೋಟೆಬೆನ್ನೂರಿನ ರೈತರೊಬ್ಬರು ಔಷಧ ಹೊಡೆಯುವ ಪಂಪಿನ ಪುಟ್ಟ ಎಂಜಿನ್ ಹೊತ್ತು ತಂದರು. ಒಳಗೆ ತಿರುಗುವ ಡೊಂಕು ಸರಳು, ಅಂದರೆ ಕ್ರ್ಯಾಂಕ್‌ಶಾಫ್ಟ್, ಎರಡು ತುಂಡಾಗಿತ್ತು. ಅಂಥದ್ದು ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

"ಮೆಣಸಿನ ಗಿಡದ ಎಲಿ ಮುಟರಾಕತ್ತಾವ್ರಿ ಸರ. ಕೈಪಂಪ್ ಹೊತ್ತು ಹೆಗಲು ಸುಲದೈತಿ. ಸೋಮವಾರ ಮುಂಜಾನಿ ಇದು ನಡೀಬೇಕ್ರಿ," ಎಂದರು. ಆ ಹೆಗಲು ನೋಡಿ ಸಂಕಟವಾಯಿತು, ಒಪ್ಪಿಕೊಂಡೆ.

ಒಂಟಿ ಸೀನು

ನಮ್ಮ ಪಕ್ಕದಲ್ಲೇ ಖಾರದ ಪುಡಿಯ ಗಿರಣಿ. ಉಕ್ಕಿನ ಸರಳನ್ನು ಲೇಥಿಗೆ ಕಟ್ಟಿ ಸ್ವಿಚ್ಚಿಗೆ ಕೈ ಹಾಕಿದೆ. ಹೆಂಡತಿ ಸೀನಿದಳು. "ತಡೀರಿ, ಸೀನು ಬಂತು. ನೀರು ಕುಡದು ಚಾಲೂ ಮಾಡ್ರಿ." ಕುಡಿದೆ. ಮತ್ತೆ ಕೈ ಹಾಕಿದೆ, ಮತ್ತೆ ಸೀನು. ಅವಳು ಹಾವೇರಿಯವಳು, ಅಲ್ಲಿ ಸೀನಿಗೆ ಬೆಲೆ ಇದೆ. ಬ್ಯಾಡಗಿಯಲ್ಲಿ ಸೀನಿಗೆಲ್ಲ ನಿಂತರೆ ಯಾರ ಮದುವೆಯೂ ಆಗಲಿಕ್ಕಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆಯಲ್ಲಿ ಆರು ಲೋಟ ನೀರು, ಸರಳು ಮಾತ್ರ ಇದ್ದಂತೆಯೇ ಇತ್ತು.

ಕೊನೆಗೆ ಅವಳೇ ದಾರಿ ಹುಡುಕಿದಳು. ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ ತಾನೆ? ಒಂದು ಬಂದ ಕೂಡಲೇ ಒಣಮೆಣಸಿನಕಾಯಿ ಮುರಿದು ಮೂಗಿಗೆ ಹಿಡಿದು, ಎರಡನೆಯದನ್ನೂ ಬರಿಸಿಕೊಂಡು, "ಹೂಂ, ಈಗ ಚಾಲೂ ಮಾಡ್ರಿ," ಎಂದಳು.

ಬೀಗರ ಶಿಸ್ತು

ಕ್ರ್ಯಾಂಕ್‌ಶಾಫ್ಟಿನ ಜೀವಾಳವೇ ಅದರ ಡೊಂಕು. ಅದನ್ನು ಕಡೆಯಲು ಸರಳನ್ನು ಬೇಕೆಂದೇ ನಡುವಿನಿಂದ ಪಕ್ಕಕ್ಕೆ ಸರಿಸಿ, ಕೂದಲೆಳೆಯ ಲೆಕ್ಕದಲ್ಲಿ ಕಟ್ಟಬೇಕು. ಅರ್ಧ ದಿನ ಹೆಣಗಿ ಕಟ್ಟಿ, ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಮಗಳ ಮಾವ ರಾಣೆಬೆನ್ನೂರಿನಿಂದ ಬಂದು ಲೇಥಿನ ಮುಂದೆ ನಿಂತಿದ್ದರು. ಶಾಲೆಯಲ್ಲಿ ಡ್ರಿಲ್ ಮಾಸ್ತರರಾಗಿದ್ದವರು. ಕೈಯಲ್ಲಿ ಸರಳು ಬಿಗಿಯುವ ಲೇಥಿನ ಚಾವಿ.

"ಸೊಟ್ಟ ಕುಂತಿತ್ರಿ ಬೀಗರ. ನಟ್ಟನಡುವ ತಂದು ನಿಲ್ಲಿಸೇನಿ. ಮೂವತ್ತು ವರ್ಷ ಸಾಲು ನೆಟ್ಟಗ ಮಾಡಿದ ಕೈ ಇದು!"

ಬೀಗರನ್ನು ಬೈಯುವಂತಿಲ್ಲ. ಬಾಗಿಲಲ್ಲಿ ಹೆಂಡತಿ ಕಣ್ಣು ಬಿಡುತ್ತಿದ್ದಳು. "ಛಲೋ ಆತು ಬಿಡ್ರಿ," ಎಂದು ಚಹಾ ಕುಡಿಸಿ, ಬಸ್ಸು ಹತ್ತಿಸಿ ಬಂದು ಲೇಥನ್ನು ಬೈದೆ.

ಹೊಲದ ಬದುವಿನಲ್ಲಿ

ರೈತರು ದಿನಕ್ಕೆರಡು ಸಲ ಫೋನು ಮಾಡುತ್ತಿದ್ದರು: "ಸೋಮವಾರ ಮರೀಬ್ಯಾಡ್ರಿ ಸರ." ಹೇಗೋ ಮುಗಿಸಿ, ಸೋಮವಾರ ಬೆಳಗ್ಗೆ ಎಂಜಿನ್ ಜೋಡಿಸಿಕೊಂಡು ನಾನೇ ಮೋಟೆಬೆನ್ನೂರಿಗೆ ಹೋದೆ. ಅವರು ಹಗ್ಗ ಎಳೆದರು. ಒಂದು ಸಲ, ಎರಡು ಸಲ, ಊಹೂಂ. ಮೂರನೆಯ ಸಲಕ್ಕೆ ಎಂಜಿನ್ ಗುಡುಗುಡು ಎಂದು ಎದ್ದಿತು! ಅಷ್ಟು ಸಂತೋಷ ನನಗೆ ಪೆನ್ಶನ್ ಬಂದ ದಿನವೂ ಆಗಿರಲಿಲ್ಲ.

ರೈತರು ಕಣ್ಣೊರೆಸಿಕೊಂಡರು, ಕೈ ಮುಗಿದರು, ಎಂಜಿನ್ನಿಗೆ ಕುಂಕುಮ ಹಚ್ಚಿದರು. ಹಚ್ಚಿ, ಬಂದ್ ಮಾಡಿದರು.

"ಯಾಕ್ರಿ? ಔಷಧ ಹೊಡ್ಯಾಂಗಿಲ್ಲೇನು?"

"ನಾಳೆ ಹೊಡೀತೇನ್ರಿ ಸರ. ಇವತ್ತ ಸೋಮವಾರ, ಬಸವಣ್ಣನ ವಾರ. ಎತ್ತಿನ ಹೆಗಲಿಗೆ ನೊಗಾ ಹಚ್ಚಂಗಿಲ್ಲ. ಇದೂ ದುಡಿಯೋ ಜೀವಾನ ಅಲ್ಲೇನ್ರಿ, ಇದಕ್ಕೂ ಇವತ್ತ ದುಡಿಮಿ ಇಲ್ಲ, ಸೂಟಿ."

"ಮತ್ತ ಸೋಮವಾರನ ಬೇಕಂತ ನನ್ನ ಜೀವಾ ತಿಂದ್ರೆಲ್ರಿ!"

ಅವರು ಎಂಜಿನ್ನಿನ ಬೆನ್ನು ಸವರುತ್ತಾ ಹೇಳಿದರು: "ಕೆಟ್ಟು ಕುಂತಿದ್ದಕ್ಕ ಸೂಟಿ ಅಂತಾರೇನ್ರಿ ಸರ? ಸೂಟಿ ಕೊಡಬೇಕಂದ್ರ ಮೊದಲ ಅದು ನಡೀಬೇಕಲ್ರಿ!"