ಹನೂರಿಗೆ ಓಟ, ದಾರಿಯುದ್ದಕ್ಕೂ ಊಟ

ಬೆವರು ಅಂದರೆ ಕರಗಿದ ಕೊಬ್ಬು ಎಂದು ನಾನು ಇಪ್ಪತ್ತಾರನೆಯ ವಯಸ್ಸಿನವರೆಗೂ ನಂಬಿದ್ದೆ. ನಗಬೇಡಿ! ಇದಕ್ಕೆ ನನ್ನ ಬಳಿ ಪ್ರತ್ಯಕ್ಷ ಪ್ರಮಾಣವಿತ್ತು. ಒಲೆಯ ಮೇಲಿಟ್ಟ ಬೆಣ್ಣೆ ಕರಗಿ ತುಪ್ಪವಾಗುವುದನ್ನು ನೀವೂ ನೋಡಿದ್ದೀರಿ. ಬಿಸಿಲಿಗಿಟ್ಟ ಗುಮಾಸ್ತ ಕರಗಿ ಬೆವರಾಗುವುದೂ ಅದೇ ತತ್ತ್ವ. ಪರಿಮಳ ಬೇರೆ, ಅಷ್ಟೇ. ಈ ಮಹಾಸಿದ್ಧಾಂತವನ್ನು ತಲೆಯೊಳಗೇ ಇಟ್ಟುಕೊಂಡು ಸುಮ್ಮನಿದ್ದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಅದನ್ನು ಪ್ರಯೋಗಕ್ಕೆ ಇಳಿಸಿದ್ದೇ ಎಡವಟ್ಟಾಯಿತು.

ಪ್ರಯೋಗಕ್ಕೆ ಕಾರಣ ನನ್ನ ನೌಕರಿ. ಕೊಳ್ಳೇಗಾಲದ ರೇಷ್ಮೆ ಸೊಸೈಟಿಯೊಂದರಲ್ಲಿ ನಾನು ಮೂರು ವರ್ಷದಿಂದ ಹಂಗಾಮಿ ಗುಮಾಸ್ತ. ಆ ವರ್ಷ ಯುಗಾದಿಗೆ ಮುಂಚೆ, ಕಾಯಂ ಮಾಡುವುದಾಗಿ ಕಾಗದ ಬಂತು. ಕೆಳಗೊಂದು ಸಣ್ಣ ಸಾಲು: ತಿಂಗಳೊಳಗೆ ಡಾಕ್ಟರ ಸರ್ಟಿಫಿಕೇಟು ತರದಿದ್ದರೆ ಕೆಲಸ ಪಟ್ಟಿಯಲ್ಲಿರುವ ಮುಂದಿನವನಿಗೆ! ನಾನು ಆ ಸಣ್ಣ ಸಾಲನ್ನು ಓದುವಷ್ಟರಲ್ಲಿ, ಮೇಲಿನ ದೊಡ್ಡ ಸಾಲನ್ನಷ್ಟೇ ಕೇಳಿಸಿಕೊಂಡ ನನ್ನ ಹೆಂಡತಿ ಚನ್ನಾಜಮ್ಮ ತವರೂರು ಹೊನ್ನೂರಿಗೆ ಹೋಗಿ, "ನಮ್ಮವ್ರು ಪರ್ಮನೆಂಟು" ಎಂದು ಮನೆಮನೆಗೂ ಸಕ್ಕರೆ ಹಂಚಿ ಬಂದಿದ್ದಳು. ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಹೊನ್ನೂರಿಗೆ ತೋರಿಸಲು ಇನ್ನೊಂದು ಮುಖ ಎಲ್ಲಿಂದ ತರಲಿ?

ಡಾಕ್ಟರು ನನ್ನ ಎದೆಗೊಮ್ಮೆ, ಹೊಟ್ಟೆಗೊಮ್ಮೆ ಟೇಪು ಸುತ್ತಿದರು.

"ಎದೆ ಮೂವತ್ಮೂರು, ಹೊಟ್ಟೆ ಮೂವತ್ತೆಂಟು. ಇವೆರಡೂ ಅದಲುಬದಲಾಗಿವೆ ಕಣ್ರೀ," ಎಂದರು. "ದಿನಾ ಸಾಯಂಕಾಲ ಎರಡು ಮೈಲಿ ನಡೀರಿ. ಹದಿನೈದು ದಿನ ಬಿಟ್ಟು ಬನ್ನಿ. ಹತ್ತು ಪೌಂಡು ಇಳಿದಿದ್ರೆ ಸಹಿ, ಇಲ್ಲದಿದ್ರೆ ಇಲ್ಲ."

ನಡಿಗೆ! ಎರಡು ಮೈಲಿ! ಪಿಂಚಣಿ ತೆಗೆದುಕೊಳ್ಳುವವರಿಗೆ ಹೇಳುವ ಮಾತು! ಮನೆಗೆ ಬಂದವನೇ ಎದೆ ತಟ್ಟಿಕೊಂಡು ಘೋಷಿಸಿದೆ: "ಭಾನುವಾರ ಹನೂರಿಗೆ ಓಡ್ತೀನಿ. ಹದಿನಾಲ್ಕು ಮೈಲಿ, ಹದಿನಾಲ್ಕು ಪೌಂಡು. ಒಂದೇ ದಿನಕ್ಕೆ ಖತಂ!"

ಚನ್ನಾಜಮ್ಮ ಕೇರುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ. "ಅನೂರ್ಗ ಬಸ್ಸದ ಕಣ್ರಿ."

"ಬಸ್ಸಲ್ಲಿ ಹೋದರೆ ಸವೆಯೋದು ಬಸ್ಸು, ನಾನಲ್ಲ!"

"ಮೊನ್ನ ಅಟ್ಟದಿಂದ ಬೆಲ್ಲದ ಡಬ್ಬ ಇಳ್ಸಿ ಅಂದ್ರ ಏದುಸ್ರು ಬುಟ್ಕಂಡು ಗೋಡ ಇಡ್ಕಂಡ್ರಿ. ಈಗ ಅನೂರ್ಗ ಓಡ್ತರಂತ!"

"ನೋಡ್ತಿರು. ಸಂಜೆ ವಾಪಸು ಬಂದಾಗ ನನ್ನ ಗುರುತೇ ಸಿಗೋಲ್ಲ ನಿನಗೆ!"

ಭಾನುವಾರ ಬಂತು. ಸಿದ್ಧಾಂತದ ಪ್ರಕಾರ ಹೆಚ್ಚು ಕರಗಬೇಕಾದರೆ ಹೆಚ್ಚು ಕಾವು ಬೇಕು. ಆದ್ದರಿಂದ ಬಿಸಿಲೇರಲಿ ಎಂದು ಬೇಕೆಂದೇ ಒಂಬತ್ತಕ್ಕೆ ಹೊರಟೆ. ಮೈಮೇಲೆ ಮಾವನವರ ಉಣ್ಣೆ ಕೋಟು, ತಲೆಗೂ ಕಿವಿಗೂ ಸೇರಿಸಿ ಮಫ್ಲರು, ಹಣೆಯ ಮೇಲೆ ಎಂದಿನಂತೆ ಢಾಳಾದ ವಿಭೂತಿ. ಕಾಲಿಗೆ ಆಫೀಸಿನ ಗುರುಪಾದಸ್ವಾಮಿಯಿಂದ ಎರವಲು ತಂದ ಕ್ಯಾನ್ವಾಸ್ ಶೂ. ಅವನ ಪಾದ ನನ್ನದಕ್ಕಿಂತ ಒಂದು ಬೆರಳು ಗಿಡ್ಡ. ನೀರು ಕುಡಿದರೆ ಇಳಿದದ್ದು ಮತ್ತೆ ಏರೀತೆಂದು ಗುಟುಕು ನೀರೂ ಕುಡಿಯಲಿಲ್ಲ.

ಇಷ್ಟೆಲ್ಲ ಯೋಚಿಸಿದ ತಲೆಗೆ ಒಂದು ಸಂಗತಿ ಮಾತ್ರ ಹೊಳೆಯಲಿಲ್ಲ. ಯುಗಾದಿಗೆ ಇನ್ನು ನಾಲ್ಕೇ ದಿನ. ಹನೂರು ರಸ್ತೆಯ ತುಂಬ ಮಾದೇಶ್ವರನ ಬೆಟ್ಟಕ್ಕೆ ನಡೆದು ಹೋಗುವ ಪರಸೆಯವರು!

ಮೊದಲ ಮೈಲಿಯಲ್ಲಿ ನಾನು ಗಾಳಿ. ಎರಡನೆಯ ಮೈಲಿಯಲ್ಲಿ ಯಾರೋ ಪಕ್ಕೆಗೆ ದಬ್ಬಳ ಚುಚ್ಚಿದ ಹಾಗಾಯಿತು. ಮಧುವನಹಳ್ಳಿ ದಾಟುವಷ್ಟರಲ್ಲಿ ಶೂ ನನ್ನ ಹಿಮ್ಮಡಿಯ ಚರ್ಮವನ್ನು ತನ್ನದಾಗಿಸಿಕೊಂಡಿತು. ಬಿಚ್ಚಿ, ಲೇಸು ಗಂಟುಹಾಕಿ ಕುತ್ತಿಗೆಗೆ ನೇತುಹಾಕಿಕೊಂಡೆ. ಕಾದ ಡಾಂಬರಿಗೆ ಬರಿಗಾಲು! ಒಂದು ಕಾಲು ಇಟ್ಟರೆ ಸಾಕು, ಇನ್ನೊಂದು ತಾನಾಗಿ ಮೇಲೇಳುತ್ತಿತ್ತು. ನೋಡಿದವರು ಅದನ್ನು ಓಟ ಅಂದುಕೊಂಡರು. ಅದು ಓಟವಲ್ಲ ಸ್ವಾಮಿ, ನಿಲ್ಲಲಾಗದ ಕಷ್ಟ!

ದೊಡ್ಡಿಂದುವಾಡಿಯ ಬಳಿ ತೆಂಗಿನ ಗರಿಯ ಚಪ್ಪರ ಹಾಕಿ ಪರಸೆಯವರಿಗೆ ಮಜ್ಜಿಗೆ ಕೊಡುತ್ತಿದ್ದರು. ಮಜ್ಜಿಗೆ ಹೊಯ್ಯುತ್ತಿದ್ದ ದೊಡ್ಡಬಸಮ್ಮ ಎಂಬ ಮುದುಕಿ ನನ್ನನ್ನು ಕಂಡು ಚೊಂಬು ಹಿಡಿದೇ ರಸ್ತೆಗೆ ಬಂದಳು.

"ಅಯ್ಯೋ ನಿಲ್ಲಪ್ಪೋ! ಎಲ್ಲರೂ ನಡ್ಕಂಡ್ ಓದ್ರ ನೀನು ಓಡ್ಕಂಡ್ ಓದಯಲ್ಲ! ಈ ಬಿಸ್ಲಲ್ಲಿ ಉಣ್ಣ ಕೋಟು, ಬರಿಗಾಲು, ಕತ್ತಿನಲ್ಲಿ ಕೆರ! ಯಾವ ಅರಕೆಯಪ್ಪ ಇದು?"

"ಹರಕೆ ಅಲ್ಲಜ್ಜಿ... ಡಾಕ್ಟರು... ಹೊಟ್ಟೆ... ಹದಿನೈದು ದಿನ..." ಎಂದೆ. ಇದ್ದ ಉಸಿರು ಅಷ್ಟು ಮಾತಿಗೇ ಮುಗಿದುಹೋಯಿತು.

"ಕೇಳುದ್ರಾ!" ಎಂದು ಮುದುಕಿ ಎದೆ ಬಡಿದುಕೊಂಡಳು. "ಒಟ್ಟಗ ಕಾಯ್ಲವಂತ! ಡಾಕ್ಟ್ರು ಅದಿನೈದೇ ದಿನ ಅಂತ ಗಡುವು ಕೊಟ್ಟುಬುಟ್ಟವ್ರಂತ! ಮಾದಪ್ಪನೇ ಗತಿ ಅಂತ ಓಡ್ತಾವ್ನ ಕೂಸು!"

"ಉಘೇ ಮಾದಪ್ಪ!" ಎಂದಿತು ಚಪ್ಪರ. ಇಬ್ಬರು ನನ್ನ ಕಾಲಿಗೆ ಬಿದ್ದು, ಬೊಬ್ಬೆ ಎದ್ದ ಜಾಗಕ್ಕೇ ಹಣೆ ಒತ್ತಿದರು. ಒಂದು ಚೊಂಬು ಮಜ್ಜಿಗೆ ಬಂತು. ಬೇಡವೆಂದೆ. "ಮಾದಪ್ಪನ ಮಜ್ಜಿಗ ಕನಪ್ಪ, ಬ್ಯಾಡ ಅನ್ಬಾರ್ದು!" ಕುಡಿದೆ. ಇನ್ನೊಂದು ಚೊಂಬು. ಅದರ ಹಿಂದೆ ಬೆಲ್ಲದ ಪಾನಕ.

ಉಸಿರು ಮರಳಿದ ಮೇಲಾದರೂ ನಿಜ ಹೇಳಬಹುದಿತ್ತಲ್ಲ ಎನ್ನುತ್ತೀರಾ? ಹೇಳಬಹುದಿತ್ತು. ಆದರೆ ಹುಟ್ಟಿದಾರಭ್ಯ ನನ್ನ ಕಾಲಿಗೆ ಯಾರಾದರೂ ಬಿದ್ದದ್ದು ಅಂದೇ ಮೊದಲು! ಗುಮಾಸ್ತನಿಗೆ ಆ ಸುಖ ಪದೇ ಪದೇ ಸಿಗುವುದಿಲ್ಲ.

ನನ್ನ ಸುದ್ದಿ ಬಸ್ಸು ಹತ್ತಿ ನನಗಿಂತ ಮುಂಚೆ ಕಾಮಗೆರೆ ತಲುಪಿತ್ತು. ಅಲ್ಲಿ ಪರಸೆಯವರಿಗೆ ಎಲೆ ಹಾಕಿದ್ದರು. ರಾಗಿಮುದ್ದೆ, ಹುರುಳಿಕಾಳಿನ ಸಾರು, ಅನ್ನ, ಹೆಸರುಬೇಳೆ ಪಾಯಸ. ಬಡಿಸುತ್ತಿದ್ದವನು ಮಾದಣ್ಣ ಎಂಬ ಕಟ್ಟುಮಸ್ತಾದ ಆಳು. ಎರಡು ಮುದ್ದೆ ಮುಗಿಸಿ ಎಲೆಗೆ ಕೈ ಅಡ್ಡ ಹಿಡಿದೆ.

"ಕೈ ತಗೀರಿ ಸಾ," ಎಂದ ಅವನು ಕಣ್ಣೊರೆಸಿಕೊಳ್ಳುತ್ತ. "ಇರದೇ ಅದಿನೈದು ದಿನ. ಉಂಡ್ಕಬುಡಿ!"

ಸಾಯುವವನ ಎಲೆಗೆ ಬೀಳುವಷ್ಟು ಪಾಯಸ ಮದುಮಗನ ಎಲೆಗೂ ಬೀಳುವುದಿಲ್ಲ ಎಂಬುದು ಅಂದು ಗೊತ್ತಾಯಿತು. ಎದ್ದು ಓಡಿದೆ. ಹೊಟ್ಟೆಯೊಳಗೆ ಮುದ್ದೆಗಳೂ ಓಡಿದವು, ಆದರೆ ನಾನು ಮುಂದಕ್ಕೆ, ಅವು ಮೇಲಕ್ಕೆ! ಮೀನಖಂಡ ಕಲ್ಲಾಯಿತು. ರಸ್ತೆ ಹಳದಿಯಾಯಿತು, ಆಮೇಲೆ ಕಪ್ಪಾಯಿತು. ಕಣ್ಣು ಬಿಟ್ಟಾಗ ತಲೆಯ ಮೇಲೆ ಯಾರೋ ಕೊಡಗಟ್ಟಲೆ ನೀರು ಸುರಿಯುತ್ತಿದ್ದರು.

"ಬಸ್ಗ ಅತ್ಸುಬುಡನ," ಎಂದರೊಬ್ಬರು. ನನ್ನ ಜೀವ ತಂಪಾಯಿತು.

"ಬಸ್ಸಾ? ಅರಕೆ ಕೆಡ್ಸೀರಾ?" ಎಂದು ಗುಡುಗಿದ, ಕಾಮಗೆರೆಯಿಂದ ಹಿಂದೆಯೇ ಬಂದಿದ್ದ ಮಾದಣ್ಣ. ಅವನೊಂದು ರಟ್ಟೆ, ಇನ್ನೊಬ್ಬನೊಂದು ರಟ್ಟೆ ಹಿಡಿದು ಎತ್ತಿದರು. "ಕಾಲು ನೆಲಕ ತಾಕ್ತಾ ಇರ್ಲಿ ಸಾ. ಓಡ್ದ ಲೆಕ್ಕಕ ಬತ್ತದ!"

ಹೀಗೆ ನಾನು ಹನೂರು ತಲುಪಿದೆ. ಉಳಿದ ಮೈಲಿಗಳನ್ನು ಓಡಿದ್ದು ನನ್ನ ಹೆಬ್ಬೆರಳುಗಳು ಮಾತ್ರ.

ನನ್ನ ಗುರುತಿದ್ದ ಬಸ್ ಕಂಡಕ್ಟರೊಬ್ಬ ಕೊಳ್ಳೇಗಾಲದಲ್ಲಿ ಚನ್ನಾಜಮ್ಮನಿಗೆ ಸುದ್ದಿ ಮುಟ್ಟಿಸಿದ್ದ. "ನಿಮ್ ಯಜಮಾನ್ರಿಗ ಅದಿನೈದೇ ದಿನವಂತಲ್ಲವ್ವ!" ಆಕೆ ಇದ್ದ ಸೀರೆಯಲ್ಲೇ ಅಳುತ್ತ ಮುಂದಿನ ಬಸ್ಸಿಗೆ ಬಂದಳು. ಹನೂರಿನ ಜಗಲಿಯೊಂದರ ಮೇಲೆ ಸುತ್ತ ಹತ್ತು ಜನ ಭಕ್ತರನ್ನು ಕೂರಿಸಿಕೊಂಡು ಕಡುಬು ಮುರಿಯುತ್ತಿದ್ದ ನನ್ನನ್ನು ನೋಡಿದಳು. ಅಳು ಅಲ್ಲೇ ಒಣಗಿತು.

"ಏಳಿ ಮ್ಯಾಕ."

"ಮೆಲ್ಲಗೆ ಮಾತಾಡೇ, ಇವರೆಲ್ಲ ನಾನು ಹದಿನೈದು ದಿನ..."

"ಅದಿನೈದು ದಿನ ಯಾಕ ಕಾಯದು? ಇಲ್ಲೇ ಮುಗಿಸ್ಬುಡ್ತೀನಿ. ಬಸ್ ಅತ್ತಿ!"

ಆಮೇಲಿನ ದಿನಗಳ ವರದಿ ಕೇಳಬೇಡಿ. ಎರಡು ಉಗುರು ಕಪ್ಪಾಗಿ ಉದುರಿದವು. ತೊಡೆಗಳು ಉಜ್ಜಿ ಉಜ್ಜಿ ಬಾತುಕೋಳಿಯ ನಡಿಗೆ ಬಂತು. ಡಾಕ್ಟರು ಹೇಳಿದ್ದ ಎರಡು ಮೈಲಿ ಇರಲಿ, ಬಚ್ಚಲಿಗೆ ಹೋಗಲೂ ಚನ್ನಾಜಮ್ಮನ ಹೆಗಲು ಬೇಕಾಯಿತು. ಹದಿನೈದನೆಯ ದಿನ ಆಕೆಯೇ ನನ್ನನ್ನು ಹಿಡಿದುಕೊಂಡು ಆಸ್ಪತ್ರೆಗೆ ಬಂದಳು. ತೂಕದ ಯಂತ್ರ ಹತ್ತಿದೆ. ಮೂರು ಪೌಂಡು ಹೆಚ್ಚು!

"ಏನ್ರೀ ಮಾಡಿದ್ರಿ?" ಎಂದರು ಡಾಕ್ಟರು. ನಾನು ಹೇಳಲೋ ಬೇಡವೋ ಎನ್ನುತ್ತಿರುವಾಗಲೇ ಚನ್ನಾಜಮ್ಮ ಒಂದನ್ನೂ ಬಿಡದೆ ಹೇಳಿದಳು. ಡಾಕ್ಟರು ನಗಲಿಲ್ಲ. ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಆಲಿಸಿದರು.

"ಬೆವರಲ್ಲಿ ಹೋಗೋದು ನೀರು, ಉಪ್ಪು. ಕೊಬ್ಬಲ್ಲ! ಅಭ್ಯಾಸ ಇಲ್ಲದವನು ಆ ಬಿಸಿಲಲ್ಲಿ, ಆ ಕೋಟಲ್ಲಿ, ನೀರಿಲ್ಲದೆ ಓಡಿದರೆ ಜೀವವೇ ಹೋಗುತ್ತಪ್ಪ. ಆ ಪುಣ್ಯಾತ್ಮರು ಮಜ್ಜಿಗೆ ಕುಡಿಸಿ, ತಲೆಗೆ ನೀರು ಹಾಕಿ ಉಳಿಸಿದ್ದಾರೆ." ಮತ್ತೊಮ್ಮೆ ಆಲಿಸಿ ನಿಟ್ಟುಸಿರುಬಿಟ್ಟರು. "ಇಷ್ಟಕ್ಕೂ ನಿಲ್ಲದ ಹೃದಯ ಕುರ್ಚಿ ಮೇಲೆ ಕೂತರೆ ನಿಲ್ಲೋಲ್ಲ, ಬಿಡಿ. ಎಲ್ಲಿ ಆ ಫಾರಮ್ಮು?"

ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಹೃದಯ: ಸರಿ. ಶ್ವಾಸಕೋಶ: ಸರಿ. ಕಣ್ಣು, ಕಿವಿ: ಸರಿ. ಆಮೇಲೆ ಪೆನ್ನು ನಿಂತುಬಿಟ್ಟಿತು. ಬಗ್ಗಿ ಓದಿದೆ: 'ಅಭ್ಯರ್ಥಿಯ ಬುದ್ಧಿ ಸ್ವಸ್ಥವಾಗಿದೆಯೇ?'

ಡಾಕ್ಟರು ನನ್ನ ಮುಖ ನೋಡಿದರು. ಫಾರಮ್ಮು ನೋಡಿದರು. ನನ್ನ ಮೂರು ವರ್ಷದ ದುಡಿಮೆ, ಹೊನ್ನೂರಿನಲ್ಲಿ ಹಂಚಿದ ಸಕ್ಕರೆ, ಎಲ್ಲವೂ ಆ ಪೆನ್ನಿನ ತುದಿಯಲ್ಲಿ ತೂಗುತ್ತಿದ್ದವು. ಕೊನೆಗೆ ಅವರು ಚನ್ನಾಜಮ್ಮನ ಕಡೆ ತಿರುಗಿದರು.

"ಸುಳ್ಳು ಬರೆಯೋಕೆ ನನಗೆ ಮನಸ್ಸಿಲ್ಲ. ಜೊತೆಗೆ ಸಂಸಾರ ಮಾಡೋರು ನೀವು, ನೀವೇ ಹೇಳಿ ತಾಯಿ. ಇವರ ಬುದ್ಧಿ ಸರಿಯಾಗಿದೆಯಾ?"

ಆಕೆ ಒಂದು ಕ್ಷಣವೂ ಯೋಚಿಸಲಿಲ್ಲ.

"ಇಲ್ಲ ಸಾ. ಆದ್ರ ಆಪೀಸ್ ಕೆಲ್ಸಕ ಅಷ್ಟು ಸಾಕು, ಬರ್ಕಳಿ!"