ಗೋಡೆಯೊಳಗೆ ಒಂದು ಹರದಾರಿ

ಕಿಟಕಿ ಬೇಕೆಂದರೆ ಎಲ್ಲರೂ ಗೌಂಡಿಯನ್ನು ಕರೆಯುತ್ತಾರೆ. ಬಣ್ಣದ ಡಬ್ಬಿ ಹಿಡಿದುಕೊಂಡು ಬಂದವನು ಈ ಭೂಮಿಯ ಮೇಲೆ ಒಬ್ಬನೇ, ಅವನು ನನ್ನ ತಮ್ಮ! ಮೊಮ್ಮಕ್ಕಳೇ, ನೀವು ಅವನನ್ನು ಲಾರಿ ಅಜ್ಜ ಎಂದು ಕರೆಯುತ್ತೀರಿ. ಅವನ ತಲೆ ಸರಿ ಇದೆಯೋ ಇಲ್ಲವೋ ಎಂದು ಗೊರೇಬಾಳದ ಅರ್ಧ ಊರು ನನ್ನನ್ನು ಕೇಳಿದೆ. ನಾನು ಬಾಯಿಗೆ ಸೆರಗು ಹಿಡಿದು ಒಳಗೆ ಹೋಗಿದ್ದೇನೆ, ಏಕೆಂದರೆ ಉತ್ತರ ನನಗೂ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಬಾಯಿಂದ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಪಡಸಾಲೆಗೆ ಮೊದಲು ಒಂದು ಕಿಟಕಿ ಇತ್ತು. ಹಗ್ಗದ ಹೊರಸಿನ ಮೇಲೆ ಕುಳಿತರೆ ಭತ್ತದ ಗದ್ದೆ, ಅದರಾಚೆ ಕಾಲುವೆಯ ದಂಡೆ, ದಂಡೆ ತಿರುಗುವಲ್ಲಿ ಒಂದು ಬೇವಿನ ಮರ, ಎಲ್ಲವೂ ಕಾಣುತ್ತಿತ್ತು. ಸಂಜೆ ನಿಮ್ಮ ಅಜ್ಜ ಆ ಮರದ ಹತ್ತಿರ ಕಂಡರೆಂದರೆ ನಾನು ಚಹಾಕ್ಕೆ ನೀರಿಡುತ್ತಿದ್ದೆ. ಬಿಳಿ ಅಂಗಿ, ಎಡ ಹೆಗಲ ಮೇಲೆ ಸಲಿಕೆ, ಅದರ ಭಾರಕ್ಕೆ ಒಂದು ಕಡೆ ವಾಲಿದ ನಡಿಗೆ. ಅವರು ಕಾಲು ತೊಳೆದು ಒಳಗೆ ಬರುವುದಕ್ಕೂ ಚಹಾ ಉಕ್ಕುವುದಕ್ಕೂ ಸರಿಹೋಗುತ್ತಿತ್ತು. ಗಡಿಯಾರವಾದರೂ ತಪ್ಪೀತು, ಇದು ತಪ್ಪುತ್ತಿರಲಿಲ್ಲ! ಅವರು ತೀರಿಕೊಂಡ ಮೇಲೂ ಆ ಹೊತ್ತಿಗೆ ನಾನು ಅಲ್ಲೇ ಕೂಡುತ್ತಿದ್ದೆ. ಆಮೇಲೆ ಪಕ್ಕದವರು ಭತ್ತದ ಚೀಲ ಇಡಲು ನಮ್ಮ ಗೋಡೆಗೆ ಅಂಟಿಕೊಂಡೇ ಗೋದಾಮು ಕಟ್ಟಿದರು. ಅವರ ಜಾಗ, ಅವರ ಗೋದಾಮು, ಜಗಳವೇನಿಲ್ಲ. ಇಲಿ ಬರುತ್ತವೆಂದು ಕಿಟಕಿಯನ್ನು ಇಟ್ಟಂಗಿಯಿಂದ ಮುಚ್ಚಿಸಿ, ಹೊರಸನ್ನು ಬಾಗಿಲ ಕಡೆ ತಿರುಗಿಸಿಕೊಂಡೆ. ಯಾರಿಗೂ ಏನೂ ಹೇಳಲಿಲ್ಲ.

ಸಿಂಧನೂರಿನಿಂದ ಬಂದ ತಮ್ಮ ಒಳಗೆ ಕಾಲಿಟ್ಟವನೇ ಕೇಳಿದ, "ಅಕ್ಕಾ, ಹೊರಸು ಯಾಕ ಆ ಕಡಿ ತಿರುಗೈತಿ?"

"ಗಾಳಿ ಬರತೈತಿ ಅಂತ."

"ನಿನಗ ಸುಳ್ಳ ಹೇಳಾಕ ಬರಂಗಿಲ್ಲ ಬಿಡು. ತಡಿ, ಈ ಗೋಡಿ ಮ್ಯಾಲೆ ಗದ್ದಿ, ಕಾಲುವಿ ಎಲ್ಲಾ ಬರಿತೀನಿ. ನೀನಾಗೇ ಹೊರಸು ಈ ಕಡಿ ತಿರುಗಿಸಬೇಕು. ಅಲ್ಲೀತನಕ ಬ್ರಷ್ ಕೆಳಗ ಇಡಂಗಿಲ್ಲ!"

ಅವನು ಜೀವನವಿಡೀ ಲಾರಿಗಳ ಹಿಂಭಾಗಕ್ಕೆ ಚಿತ್ರ ಬರೆದವನು. ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನ ಮರ, ಒಂದು ಹಂಸ. ಹಂಸವನ್ನು ಅವನು ಕಂಡವನಲ್ಲ, ಲಾರಿಯವರೂ ಕಂಡವರಲ್ಲ, ಹಾಗಾಗಿ ಯಾರೂ ತಕರಾರು ಮಾಡಲಿಲ್ಲ! ಈಗ ಎಲ್ಲರೂ ಸ್ಟಿಕ್ಕರ್ ಅಂಟಿಸುತ್ತಾರೆ, ಅವನ ಕೈ ಖಾಲಿ. ಆ ಖಾಲಿ ಕೈ ಬಂದು ನನ್ನ ಗೋಡೆಯ ಮೇಲೆ ಬಿತ್ತು.

ಮೊದಲ ದಿನವೇ ಎರಡು ಗುಡ್ಡ ಎದ್ದವು.

"ನಮ್ಮೂರಾಗ ಗುಡ್ಡ ಎಲ್ಲೈತೋ?"

"ಗುಡ್ಡ ಇಲ್ಲದ ಸೀನರಿ ಎಲ್ಲೆರ ಇರತೈತೇನಕ್ಕಾ?"

ಹೇಗೋ ಗುಡ್ಡ ಅಳಿಸಿದ. ಉಳಿದದ್ದರಲ್ಲಿ ಕೊಕ್ಕರೆ ಎಮ್ಮೆಯಷ್ಟಿತ್ತು. ಬೇವಿನ ಮರ ನಾಟಿ ಹಚ್ಚುವ ಹೆಂಗಸರ ತಲೆಯ ಮೇಲೇ ನಿಂತಿತ್ತು. ಕೆಳಗೆ, ಕೈಯ ರೂಢಿಯಿಂದ, ದಪ್ಪ ಅಕ್ಷರದಲ್ಲಿ "ಹಾರನ್ ಮಾಡಿ" ಎಂದು ಬರೆದುಬಿಟ್ಟಿದ್ದ! ಹೊರಸಿನ ಮೇಲೆ ಕೂತು ನಾನು ಯಾರಿಗೆ ಹಾರನ್ ಮಾಡಲಿ?

ಸುಣ್ಣ ಬಳಿದು ಮತ್ತೆ ಬರೆದ. ಈ ಸಲ ಕಾಲುವೆ ಏಣಿಯ ಹಾಗೆ ನೆಟ್ಟಗೆ ಎದ್ದು ನಿಂತಿತು. ನೋಡಲು ಬಂದ ಎದುರು ಮನೆಯ ಬೂಬಮ್ಮ ಗಲ್ಲಕ್ಕೆ ಕೈ ಹಚ್ಚಿದಳು. "ಯಾ ಅಲ್ಲಾ! ನೀರೆಲ್ಲಾ ಕೆಳಗ ಸುರದು ಮನಿ ತುಂಬತೈತೇನೋ ಭಾಯಿ! ಬಕೀಟು ತರ್ಲೇನು?"

ತಮ್ಮ ನಗಲಿಲ್ಲ. ಅನ್ನವನ್ನೂ ಸರಿಯಾಗಿ ಉಣ್ಣಲಿಲ್ಲ. "ಎಲ್ಲಾ ಬರತೈತಕ್ಕಾ, ದೂರ ಒಂದು ಬರವಲ್ದು," ಎಂದ. ಗೋಡೆ ಇರುವುದು ಅರ್ಧ ಅಡಿ ದಪ್ಪ. ಅದರೊಳಗೆ ಅವನಿಗೆ ಒಂದು ಹರದಾರಿ ದೂರ ಬೇಕಾಗಿತ್ತು!

ಲಿಂಗಸುಗೂರಿನಲ್ಲಿ ನಿವೃತ್ತ ಡ್ರಾಯಿಂಗ್ ಮಾಸ್ತರರೊಬ್ಬರಿದ್ದಾರೆಂದು ಯಾರೋ ಹೇಳಿದರು. ನನ್ನನ್ನೂ ಬೈಕಿನ ಹಿಂದೆ ಹತ್ತಿಸಿಕೊಂಡು ಹೊರಟ. ಮಸ್ಕಿ ಇನ್ನೂ ಮುಂದಿರುವಾಗಲೇ ಗಕ್ಕನೆ ಬ್ರೇಕ್ ಹಾಕಿದ. "ಅಕ್ಕಾ, ಗುಡ್ಡ ನೋಡು! ನೀಲಿ ಐತಿ!" ಸ್ವಲ್ಪ ಹೋಗಿ ಮತ್ತೆ ಬ್ರೇಕ್. "ಈಗ ಬೂದಿ ಬಣ್ಣ!" ಮಸ್ಕಿಗೆ ಬಂದು ಗುಡ್ಡದ ಬುಡದಲ್ಲಿ ನಿಂತರೆ ಕಂದು ಬಂಡೆಗಳು ಬಿಟ್ಟರೆ ಏನಿಲ್ಲ. ಅಲ್ಲಿ ಚಹಾ ಮಾರುವವನನ್ನು ಹಿಡಿದು, "ಇಲ್ಲಿದ್ದ ನೀಲಿ ಎಲ್ಲಿ ಹೋತ್ರೀ?" ಎಂದು ಕೇಳಿಯೇಬಿಟ್ಟ! ಆ ಪುಣ್ಯಾತ್ಮ ನನ್ನ ಕಡೆ ತಿರುಗಿ ಮೆಲ್ಲಗೆ, "ಅಮ್ಮಾ, ದವಾಖಾನಿಗೆ ಕರಕೊಂಡು ಹೊಂಟೀರೇನ್ರಿ?" ಎಂದ. ನಾನು ಸೆರಗು ಮುಖಕ್ಕೆ ಎಳೆದುಕೊಂಡೆ.

ಮಾಸ್ತರರು ಅವನ ಬ್ರಷ್ ನೋಡಿದರು. ಕೂದಲೆಳೆಯಂಥ ಗೆರೆ ಎಳೆಯುವ ಸಣ್ಣ ಬ್ರಷ್, ಅವನ ಪ್ರಾಣ. "ಇದನ್ನ ಹತ್ರದ್ದಕ್ಕ ಇಟ್ಕೋರಿ. ದೂರದ್ದಕ್ಕ ಅಗಲ ಬ್ರಷ್ ಹಿಡೀರಿ. ಬಣ್ಣ ಒರಸಿ, ಒಣಾ ಬ್ರಷ್‌ಲೆ ಹಗುರಕ ತಿಕ್ಕಿ ಕೈ ತಗದುಬಿಡ್ರಿ. ದೂರ ಹೋದಂಗ ಬಣ್ಣಾನೂ ತಿಳಿ ಆಗ್ಲಿ," ಎಂದರು. "ನೀವು ಭತ್ತದ ಎಲಿ ಎಲಿ ಬರಿಯಾಕತ್ತೀರಿ. ಅಷ್ಟು ದೂರಿಂದ ಎಲಿ ಕಾಣತೈತೇನ್ರಿ?"

"ಕಾಣಂಗಿಲ್ರೀ. ಆದ್ರ ಅಲ್ಲೈತಲ್ರೀ!" ಎಂದ ನನ್ನ ತಮ್ಮ, ಅಳುವ ಮುಖ ಮಾಡಿ.

ಊರಿಗೆ ಬಂದ ಮೇಲೆ ಹುಚ್ಚು ಇಳಿಯಿತೆ? ಏರಿತು! ಒರೆಸಲು ಬಟ್ಟೆ ಹುಡುಕುವಷ್ಟು ತಾಳ್ಮೆ ಅವನಿಗೆಲ್ಲಿ? ಕೈಗೆ ಸಿಕ್ಕಿದ್ದಕ್ಕೆ ಬ್ರಷ್ ಒರೆಸಿದ. ಅಂಗಳದಲ್ಲಿ ಕಟ್ಟಿದ್ದ ನಮ್ಮ ಬಿಳಿ ಕರುವಿನ ಬೆನ್ನು ತಿಳಿ ಹಸಿರಾಯಿತು. ಹಾಲು ಹಾಕಿಸಿಕೊಳ್ಳಲು ಬಂದವರು ಏನು ರೋಗವೋ ಎಂದು ಖಾಲಿ ಚರಿಗೆ ಹಿಡಿದು ವಾಪಸ್ ಹೋದರು.

ಒಂದು ಬೆಳಿಗ್ಗೆ ಅವನು ನನ್ನನ್ನು ಗದ್ದೆಯ ಬದುವಿನ ಮೇಲೆ ನಿಲ್ಲಿಸಿದ. "ಕಾಲುವಿ ಕಡಿ ನಡಕೋಂತ ಹೋಗು. ನಡುವ ನಡುವ ನಿಂತು ಹೊಳ್ಳಿ ನೋಡು!" ನಾಟಿ ಹಚ್ಚುತ್ತಿದ್ದ ಹೆಂಗಸರೆಲ್ಲ ಸೊಂಟ ನೆಟ್ಟಗೆ ಮಾಡಿ ನೋಡತೊಡಗಿದರು. ನಾನು ನಾಚಿಕೆಯಿಂದ ನೆಲಕ್ಕಿಳಿದುಹೋದೆ. ಅವನೋ ಅಲ್ಲಿಂದ ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ, "ಇನ್ನೂ ಮೂಗು ಕಾಣತೈತಿ! ಹೋಗು!"

"ಅಕ್ಕಾ, ನಿನ್ನ ಮೂಗು ಇನ್ನೂ ಕಾಣಾಕತ್ತೈತಂತ, ಓಡು!" ಎಂದು ಆ ಹೆಂಗಸರೂ ಶುರು ಮಾಡಿದರು. ಕೆಸರಿನಲ್ಲಿ ಬಿದ್ದು ಬಿದ್ದು ನಕ್ಕರು. ಬೇವಿನ ಮರ ಮುಟ್ಟಿ ತಿರುಗಿ ಬಂದಾಗ ತಮ್ಮ ಕುಣಿಯುತ್ತಿದ್ದ.

"ಮೂಗಿಲ್ಲ, ಕೈಯಿಲ್ಲ, ಕಾಲಿಲ್ಲ! ಅಷ್ಟು ದೂರಕ್ಕ ನೀ ಬರೇ ಒಂದು ಗೀಟು ಅಕ್ಕಾ!"

"ಹಂಗಾರ ನಾನೇ ಅಂತ ಹೆಂಗ ಗೊತ್ತಾತೋ ನಿನಗ?"

ಅವನು ಕುಣಿತ ನಿಲ್ಲಿಸಿದ. "ಹೌದಲ್ಲ... ಮುಖ ಕಾಣಲಿಲ್ಲ. ನಡಿಗಿ ಮ್ಯಾಲೆ ಗೊತ್ತಾತು."

ಅಂದಿನಿಂದ ಗೋಡೆಗೆ ಚಾದರ ಇಳಿಬಿಟ್ಟು ಅದರ ಹಿಂದೆ ಬರೆಯತೊಡಗಿದ. ಒಂದು ಮಧ್ಯಾಹ್ನ, "ಅಕ್ಕಾ! ಪಾಸಾದೆ!" ಎಂದು ಒದರಿದ. ಓಡಿ ಹೋಗಿ ನೋಡಿದರೆ ಬೂಬಮ್ಮನ ಆಡು ಚಾದರದೊಳಗೆ ತಲೆ ತೂರಿಸಿ ಗದ್ದೆಗೆ ಬಾಯಿ ಹಾಕಿದೆ! "ಖರೇ ಭತ್ತ ಅಂತ ತಿಳಕೊಂಡೈತಿ!"

ಹಿಂದೆಯೇ ಬಂದ ಬೂಬಮ್ಮ ಆಡಿನ ಕಿವಿ ಹಿಡಿದಳು. "ಬಣ್ಣ ಹಿಡೀಲಿ ಅಂತ ಗಂಜಿ ಕಲಸೀಯಲ್ಲೋ ಭಾಯಿ. ಅದು ಗಂಜಿ ನೆಕ್ಕಾಕ ಬಂದೈತಿ!" ಅವತ್ತಿನ ಅವನ ಮುಖವನ್ನು ಯಾವ ಬ್ರಷ್ಷಿನಿಂದಲೂ ಬರೆಯಲಾಗದು.

ಕಡೆಗೊಂದು ಸಂಜೆ ಚಾದರ ತೆಗೆದ. ನಾನು ಬಾಗಿಲಲ್ಲೇ ನಿಂತೆ. ಹತ್ತಿರದ ಭತ್ತ ಕಡುಹಸಿರು, ಎಲೆ ಎಲೆಯೂ ಕಾಣುತ್ತಿತ್ತು. ಹೋಗುತ್ತ ಹೋಗುತ್ತ ಎಲೆಗಳು ಕರಗಿ ಹಸಿರಷ್ಟೇ ಉಳಿದು, ಆ ಹಸಿರೂ ತೆಳುವಾಗಿ ಮಂಜಿನಂತಾಗಿತ್ತು. ಕಾಲುವೆ ಈಗ ಮಲಗಿಕೊಂಡು ದೂರ ಹೋಗಿತ್ತು. ತುದಿಯಲ್ಲಿ ಬೇವಿನ ಮರ, ಬರೀ ಒಂದು ಮಬ್ಬು. ಅದರ ಹತ್ತಿರ ಮಾತ್ರ ಬಿಳಿ ಬಣ್ಣ ಮೆತ್ತಿಕೊಂಡಂತಿತ್ತು.

"ಅಲ್ಲಿ ಬಣ್ಣ ಸಿಡದೈತಿ ನೋಡೋ, ಒರಸ್ತೀನಿ ತಡಿ," ಎಂದು ಸೆರಗಿನ ತುದಿ ಹಿಡಿದು ಹೋದೆ.

ಅವನು ನನ್ನ ಕೈ ಹಿಡಿದ. "ಗೋಡಿಗೆ ಮೂಗು ಹಚ್ಚಿ ನೋಡಿದ್ರ ಎಲ್ಲಾ ಬಣ್ಣಾನಬೇ. ಹೊರಸಿನ ಮ್ಯಾಲೆ ಕುಂತು ನೋಡು."

ಹೊರಸು ಬಾಗಿಲ ಕಡೆ ಇತ್ತು. ತಿರುಗಿಸಿದೆ. ಕುಳಿತೆ.

ಅಗಲ ಬ್ರಷ್ಷಿನ ಅಂಚಿನಿಂದ ಎಳೆದ ಒಂದೇ ಗೀಟು. ಮುಖವಿಲ್ಲ, ಕೈಯಿಲ್ಲ, ಕಾಲಿಲ್ಲ. ಒಂದು ಕಡೆ ವಾಲಿತ್ತು, ಅಷ್ಟೇ.

ತಮ್ಮ ಬ್ರಷ್ ಕೆಳಗಿಟ್ಟ. "ಮುಖ ಬರಿಲಿಲ್ಲಕ್ಕಾ. ಅಷ್ಟು ದೂರಕ್ಕ ಕಾಣಂಗಿಲ್ಲ."

ಎದ್ದು ಒಳಗೆ ಹೋದೆ. ಒಲೆ ಹೊತ್ತಿಸಿದ ಮೇಲೆ ಪಾತ್ರೆಯೊಳಗೆ ನೋಡಿದೆ. ಮನೆಯಲ್ಲಿದ್ದವರು ನಾವಿಬ್ಬರೇ. ನೀರು ಮಾತ್ರ ಮೂವರಿಗಾಗುವಷ್ಟು ಇಟ್ಟಿದ್ದೆ.